ಅಪ್‌ಡೇಟ್ ಆಯ್ತು, ಕಂಪ್ಯೂಟರ್ ಕೈಕೊಟ್ಟಿತು: ಗಾಬರಿಯಾಗದೆ ಗೆಲ್ಲುವ 16 ಸೂತ್ರಗಳು

2024ರ ಜುಲೈ 19, ಶುಕ್ರವಾರ. ಶಂಷಾಬಾದ್‌ನ ರಾಜೀವ್ ಗಾಂಧಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಚೆಕ್-ಇನ್ ವ್ಯವಸ್ಥೆ ಕೈಕೊಟ್ಟಿತು. ಹೈದರಾಬಾದಿನಿಂದ ಕೋಲ್ಕತ್ತಕ್ಕೆ ಹೊರಟಿದ್ದವರ ಕೈಗೆ ಬಂದದ್ದು ಪೆನ್ನಿನಲ್ಲಿ ಬರೆದ ಬೋರ್ಡಿಂಗ್ ಪಾಸ್. ಅದರ ಫೋಟೊ ಜಗತ್ತೆಲ್ಲ ಸುತ್ತಿ ಬಂತು.

ಅವತ್ತು ಎಲ್ಲರೂ ಬೈದದ್ದು ವಿಂಡೋಸ್‌ಗೆ. ಆದರೆ ಎಡವಟ್ಟು ಮಾಡಿದ್ದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ಪುಟ್ಟ ಫೈಲು. ನಮ್ಮ ಗಡಿಯಾರದ ಪ್ರಕಾರ ಬೆಳಿಗ್ಗೆ 9.39ಕ್ಕೆ ಅದು ಹೊರಟಿತು, 10.57ಕ್ಕೆ ಕಂಪನಿ ಅದನ್ನು ವಾಪಸ್ ಪಡೆಯಿತು. ಆ 78 ನಿಮಿಷಗಳಲ್ಲಿ ಮಲಗಿದ ಯಂತ್ರಗಳು ಸುಮಾರು 85 ಲಕ್ಷ ಎಂದು ಮೈಕ್ರೋಸಾಫ್ಟ್ ಲೆಕ್ಕ ಕೊಟ್ಟಿತು. ಅವುಗಳಲ್ಲಿ ಬಹಳಷ್ಟನ್ನು ಒಂದೊಂದಾಗಿ ಸೇಫ್ ಮೋಡ್‌ನಲ್ಲಿ ತೆರೆದು ಆ ಒಂದು ಫೈಲನ್ನು ಕೈಯಾರೆ ಅಳಿಸಬೇಕಾಯಿತು. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಹಾಕಿದ್ದ ಕಡೆ ಅದಕ್ಕೂ ಮೊದಲು 48 ಅಂಕಿಗಳ ಕೀ ಹುಡುಕಬೇಕಾಯಿತು.

ಅಷ್ಟು ದೊಡ್ಡ ಅವಾಂತರಕ್ಕೂ ಮದ್ದು ಒಂದು ಫೈಲು ಅಳಿಸುವುದಷ್ಟೇ ಆಗಿತ್ತು ಎಂಬುದನ್ನು ಗಮನಿಸಿ. ಮನೆಯ ಲ್ಯಾಪ್‌ಟಾಪ್, ಸಣ್ಣ ಆಫೀಸಿನ ಕಂಪ್ಯೂಟರಿಗೂ ಇದೇ ಮಾತು. ಅಪ್‌ಡೇಟ್ ಮಾಡುವ ಹಾನಿಗಿಂತ, ಅದಾದ ಮೇಲೆ ಗಾಬರಿಯಲ್ಲಿ ನಾವು ಮಾಡಿಕೊಳ್ಳುವ ಹಾನಿಯೇ ದೊಡ್ಡದು. ಕೆಳಗಿನ ಸೂತ್ರಗಳು ವಿಂಡೋಸ್ ಬಳಸುವ ಸಾಮಾನ್ಯರಿಗೆ. ಐಟಿ ಇಲಾಖೆ ಇರುವ ಕಂಪನಿಯವರು ಆ ಇಲಾಖೆಗೊಂದು ದೂರಿನ ಟಿಕೆಟ್ ಹಾಕಿ ಚಹಾ ಕುಡಿಯಿರಿ.

1. ಮೊದಲ ಕೆಲವು ಗಂಟೆ ಯಂತ್ರವನ್ನು ಅದರ ಪಾಡಿಗೆ ಬಿಡಿ.
ದೊಡ್ಡ ಅಪ್‌ಡೇಟ್ ಮುಗಿದ ತಕ್ಷಣ ಕಂಪ್ಯೂಟರ್ ಆಮೆಯಾಗುವುದು ಸಹಜ. ಹುಡುಕಾಟಕ್ಕೆ ಬೇಕಾದ ಸೂಚಿ ಮತ್ತೆ ತಯಾರಾಗುತ್ತಿರುತ್ತದೆ, ಡಿಫೆಂಡರ್ ಫೈಲುಗಳನ್ನು ಜಾಲಾಡುತ್ತಿರುತ್ತದೆ, ಹಿನ್ನೆಲೆಯಲ್ಲಿ ಡ್ರೈವರ್‌ಗಳು ಇಳಿಯುತ್ತಿರುತ್ತವೆ. ಫ್ಯಾನ್ ಜೋರಾಗಿ ತಿರುಗಿದ ಮಾತ್ರಕ್ಕೆ ಏನೋ ಕೆಟ್ಟಿದೆ ಎಂದಲ್ಲ. ಚಾರ್ಜರ್ ಸಿಕ್ಕಿಸಿ, ನಿದ್ದೆಗೆ ಹೋಗದಂತೆ ಸೆಟ್ಟಿಂಗ್ ಬದಲಿಸಿ, ರಾತ್ರಿಯಿಡೀ ಬಿಡಿ. ಮರುದಿನವೂ ಹಾಗೇ ಇದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು ಡಿಸ್ಕನ್ನು, ಸಿಪಿಯುವನ್ನು ಯಾರು ತಿನ್ನುತ್ತಿದ್ದಾರೆ ನೋಡಿ.

2. ರೀಸ್ಟಾರ್ಟ್ ಮಾಡಿ, ಶಟ್ ಡೌನ್ ಸಾಲದು.
'ಆಫ್ ಮಾಡಿ ಆನ್ ಮಾಡಿದೆ, ಸರಿ ಹೋಗಲಿಲ್ಲ' ಎನ್ನುವವರು ಬಹಳ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ಶಟ್ ಡೌನ್ ಮಾಡಿದಾಗ ವ್ಯವಸ್ಥೆಯ ಒಳಭಾಗ ಪೂರ್ತಿ ಮುಚ್ಚುವುದಿಲ್ಲ. ಅದನ್ನು ಡಿಸ್ಕಿನಲ್ಲಿ ಉಳಿಸಿಟ್ಟು, ಮತ್ತೆ ಆನ್ ಮಾಡಿದಾಗ ಅದನ್ನೇ ಎತ್ತಿಕೊಳ್ಳುತ್ತದೆ. ಕೆಟ್ಟ ಡ್ರೈವರ್ ಕೂಡ ಹಾಗೇ ಎದ್ದು ಕೂರುತ್ತದೆ. ರೀಸ್ಟಾರ್ಟ್ ಒತ್ತಿದರೆ ಮಾತ್ರ ಎಲ್ಲ ಹೊಸದಾಗಿ ಶುರು. ಆಡಿಯೊ, ಬ್ಲೂಟೂತ್, ಟಚ್‌ಪ್ಯಾಡ್ ತಕರಾರುಗಳಲ್ಲಿ ಎಷ್ಟೋ ಇಲ್ಲೇ ಮುಗಿಯುತ್ತವೆ.

3. ಯಾರ ಅಪ್‌ಡೇಟ್ ಎಂದು ಕೇಳಿ.
ಶಂಷಾಬಾದ್ ಕಲಿಸಿದ ಪಾಠ ಇದು. ಒಂದೇ ವಾರದಲ್ಲಿ ವಿಂಡೋಸ್, ಆಂಟಿವೈರಸ್, ಬ್ರೌಸರ್, ಗ್ರಾಫಿಕ್ಸ್ ಡ್ರೈವರ್ ಎಲ್ಲವೂ ಬದಲಾಗಿರಬಹುದು. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್, ಅದರೊಳಗೆ ಅಪ್‌ಡೇಟ್ ಹಿಸ್ಟರಿ ತೆರೆಯಿರಿ. ಕೆಬಿ ಎಂದು ಶುರುವಾಗುವ ಸಂಖ್ಯೆ, ದಿನಾಂಕ ಎರಡನ್ನೂ ಕಾಗದದ ಮೇಲೆ ಬರೆದುಕೊಳ್ಳಿ. ಆಮೇಲೆ ಮೈಕ್ರೋಸಾಫ್ಟ್‌ನ ವಿಂಡೋಸ್ ರಿಲೀಸ್ ಹೆಲ್ತ್ ಪುಟದಲ್ಲಿ ಆ ಸಂಖ್ಯೆಯ ಬಗ್ಗೆ ದೂರು ದಾಖಲಾಗಿದೆಯೇ ನೋಡಿ.

ಇದರಿಂದ ಎಷ್ಟು ಶ್ರಮ ಉಳಿಯುತ್ತದೆ ಎಂಬುದಕ್ಕೆ 2025ರ ಅಕ್ಟೋಬರ್ ಸಾಕ್ಷಿ. ಆ ತಿಂಗಳ ವಿಂಡೋಸ್ 11 ಅಪ್‌ಡೇಟ್ (ಕೆಬಿ5066835) ಬಂದ ಮೇಲೆ, ಯಂತ್ರ ಕೆಟ್ಟಾಗ ತೆರೆಯುವ ರಿಕವರಿ ಪರದೆಯಲ್ಲಿ ಯುಎಸ್‌ಬಿ ಕೀಬೋರ್ಡೂ ಇಲ್ಲ, ಮೌಸೂ ಇಲ್ಲ. ಔಷಧದ ಪೆಟ್ಟಿಗೆಗೇ ಬೀಗ! ವಿಂಡೋಸ್ ಒಳಗೆ ಹೋದರೆ ಎರಡೂ ಸರಿಯಾಗಿ ಓಡುತ್ತಿದ್ದವು. ಹಳೆಯ ಕಾಲದ ದುಂಡನೆಯ ಪಿನ್ನಿನ ಪಿಎಸ್/2 ಕೀಬೋರ್ಡ್ ಇದ್ದವರು ಬಚಾವಾದರು. ಅಕ್ಟೋಬರ್ 20ಕ್ಕೆ ತಿದ್ದುಪಡಿ ಬಂತು. ಆ ನಡುವೆ ಕೀಬೋರ್ಡ್ ಕೆಟ್ಟಿತೆಂದು ಹೊಸದು ಕೊಂಡವರು ಬರೀ ದುಡ್ಡು ಕಳೆದುಕೊಂಡರು.

4. ನೀಲಿಯೋ ಕಪ್ಪೋ, ಪರದೆಯ ಫೋಟೊ ತೆಗೆಯಿರಿ.
ಕೋಡು ಓದಲು ಎರಡನೇ ಅವಕಾಶ ಸಿಗದಿರಬಹುದು. ಮೊಬೈಲ್ ಕೈಯಲ್ಲೇ ಇದೆಯಲ್ಲ.

5. ಒಂದು ಸಲಕ್ಕೆ ಒಂದೇ ಬದಲಾವಣೆ.
ಆಂಟಿವೈರಸ್ ತೆಗೆದು, ಡ್ರೈವರ್ ಬದಲಿಸಿ, ರಿಜಿಸ್ಟ್ರಿ ತಿದ್ದಿ, ಆಮೇಲೆ 'ಸರಿಹೋಯ್ತು, ಆದರೆ ಯಾವುದರಿಂದ?' ಎಂದರೆ ಉತ್ತರವಿಲ್ಲ. ಸಾರಿಗೆ ಉಪ್ಪು, ಹುಳಿ, ಖಾರ ಒಟ್ಟಿಗೆ ಸುರಿದು ರುಚಿ ಕೆಟ್ಟದ್ದು ಯಾವುದರಿಂದ ಎಂದು ಕೇಳಿದ ಹಾಗೆ. ಒಂದು ಮಾಡಿ, ರೀಸ್ಟಾರ್ಟ್ ಮಾಡಿ, ನೋಡಿ, ಬರೆದಿಡಿ. ಫಲ ಕಾಣದಿದ್ದರೆ ಅದನ್ನು ಮೊದಲಿನಂತೆ ಮಾಡಿಯೇ ಮುಂದಿನದಕ್ಕೆ ಕೈ ಹಾಕಿ.

6. ಫೈಲು ಕಾಣದಿದ್ದರೆ ಮೊದಲು ಹುಡುಕಿ, ಆಮೇಲೆ ಅಳುವಿರಂತೆ.
ಅಪ್‌ಡೇಟಿನ ನಂತರ ಬರುವ ದೂರುಗಳಲ್ಲಿ ಎದೆ ನಡುಗಿಸುವುದು ಇದೇ: ಡೆಸ್ಕ್‌ಟಾಪ್ ಖಾಲಿ, ಮಗಳ ಮದುವೆಯ ಫೋಟೊ ಇಲ್ಲ. ಬಹುತೇಕ ಸಲ ಅವು ಅಲ್ಲೇ ಇರುತ್ತವೆ. ಎರಡು ಕಾರಣಗಳನ್ನು ಮೊದಲು ನೋಡಿ.

ಒಂದು, ಒನ್‌ಡ್ರೈವ್. ಹೊಸ ಆವೃತ್ತಿ ಕೇಳಿದ ಪ್ರಶ್ನೆಗಳಿಗೆಲ್ಲ ಯಸ್, ನೆಕ್ಸ್ಟ್ ಒತ್ತುತ್ತಾ ಹೋಗಿದ್ದರೆ ನಿಮ್ಮ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರುಗಳು ಒನ್‌ಡ್ರೈವ್ ಫೋಲ್ಡರಿನ ಒಳಗೆ ಸ್ಥಳಾಂತರವಾಗಿರುತ್ತವೆ. ಅಲ್ಲಿ ಹೋಗಿ ನೋಡಿ. ಇನ್ನೊಂದು, ತಾತ್ಕಾಲಿಕ ಪ್ರೊಫೈಲ್. ಪರದೆಯ ಚಿತ್ರ ಬದಲಾಗಿ, ಎಲ್ಲವೂ ಹೊಸ ಕಂಪ್ಯೂಟರಿನಂತೆ ಕಂಡು, 'ನಿಮ್ಮ ಖಾತೆಗೆ ಸೈನ್ ಇನ್ ಆಗಲು ಆಗುತ್ತಿಲ್ಲ' ಎಂಬ ಸೂಚನೆ ಬಂದಿದ್ದರೆ ಅದೇ. ನಿಮ್ಮ ಹಳೆಯ ಫೈಲುಗಳು ಸಿ ಡ್ರೈವಿನ ಯೂಸರ್ಸ್ ಫೋಲ್ಡರಿನಲ್ಲಿ ನಿಮ್ಮ ಹೆಸರಿನ ಕೆಳಗೆ ಭದ್ರವಾಗಿರುತ್ತವೆ. ಈ ಸ್ಥಿತಿಯಲ್ಲಿ ಹೊಸದಾಗಿ ಏನನ್ನೂ ಉಳಿಸಬೇಡಿ, ಸೈನ್ ಔಟ್ ಆದ ಕೂಡಲೇ ಅದು ಮಾಯ. ಒಂದೆರಡು ಸಲ ರೀಸ್ಟಾರ್ಟ್ ಮಾಡಿ ನೋಡಿ.

ನಿಜವಾಗಿ ಕಳೆದುಹೋದದ್ದೂ ಉಂಟು. 2018ರ ಅಕ್ಟೋಬರ್ 2ರಂದು ಬಿಡುಗಡೆಯಾದ ವಿಂಡೋಸ್ 10ರ 1809 ಆವೃತ್ತಿ ಕೆಲವರ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳನ್ನೇ ಅಳಿಸಿಹಾಕಿತು. ಫೋಲ್ಡರುಗಳನ್ನು ಬೇರೆ ಡ್ರೈವಿಗೆ ಬದಲಿಸಿಕೊಂಡಿದ್ದವರಿಗೆ ಪೆಟ್ಟು ಬಿತ್ತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಅದನ್ನು ತಡೆಹಿಡಿದು ನವೆಂಬರ್ 13ಕ್ಕೆ ಮತ್ತೆ ಬಿಟ್ಟಿತು. ಅಂಥದ್ದು ನಡೆದಿದೆ ಎಂಬ ಅನುಮಾನ ಬಂದರೆ ಆ ಡಿಸ್ಕಿಗೆ ಏನನ್ನೂ ಬರೆಯದೆ ಯಂತ್ರ ಆಫ್ ಮಾಡಿ ಡೇಟಾ ರಿಕವರಿ ಬಲ್ಲವರ ಬಳಿ ಒಯ್ಯಿರಿ. ಬ್ಯಾಕಪ್ ಇದ್ದವರಿಗೆ ಈ ಚಿಂತೆಯೇ ಇಲ್ಲ: ಮೂರು ಕಡೆ ಪ್ರತಿ, ಅದರಲ್ಲೊಂದು ಮನೆಯ ಹೊರಗೆ.

7. ಪ್ರಿಂಟರ್ ಕೆಟ್ಟಿಲ್ಲ, ಡ್ರೈವರ್ ಕೆಟ್ಟಿದೆ.
ಹೈದರಾಬಾದಿನ ಕೋಠಿಯ ಝೆರಾಕ್ಸ್ ಅಂಗಡಿಯಿಂದ ಅಮೀರ್‌ಪೇಟೆಯ ಕೋಚಿಂಗ್ ಸೆಂಟರ್ ತನಕ, ಕ್ಯಾನನ್ ಎಲ್‌ಬಿಪಿ 2900, ಎಚ್‌ಪಿ ಲೇಸರ್‌ಜೆಟ್ 1020 ಇನ್ನೂ ದುಡಿಯುತ್ತಿವೆ. ಗಟ್ಟಿ ಯಂತ್ರಗಳು. ಆದರೆ ಪುಟವನ್ನು ಸಿದ್ಧಮಾಡುವ ಕೆಲಸವನ್ನು ಇವು ಕಂಪ್ಯೂಟರಿನ ಡ್ರೈವರಿಗೇ ಬಿಟ್ಟಿವೆ. ಡ್ರೈವರ್ ತಪ್ಪಿದರೆ ಪ್ರಿಂಟರ್ ಬರೀ ಡಬ್ಬ. ಮೊದಲು ಸರ್ವೀಸಸ್ ಪಟ್ಟಿಯಲ್ಲಿ ಪ್ರಿಂಟ್ ಸ್ಪೂಲರ್ ಹುಡುಕಿ ಅದನ್ನು ರೀಸ್ಟಾರ್ಟ್ ಮಾಡಿ. ಆಗದಿದ್ದರೆ ಯುಎಸ್‌ಬಿ ಕೇಬಲ್ ಕಿತ್ತು, ಪ್ರಿಂಟರನ್ನು ಪಟ್ಟಿಯಿಂದ ತೆಗೆದು, ಪ್ರಿಂಟರ್ ಕಂಪನಿಯ ತಾಣದಿಂದಲೇ 64-ಬಿಟ್ ಡ್ರೈವರ್ ಇಳಿಸಿ, ಅದು ಕೇಳಿದಾಗ ಮಾತ್ರ ಕೇಬಲ್ ಸಿಕ್ಕಿಸಿ. ಕೇಬಲ್ ಮೊದಲೇ ಸಿಕ್ಕಿಸಿದರೆ ವಿಂಡೋಸ್ ತನಗೆ ತೋಚಿದ ಡ್ರೈವರ್ ಹಾಕಿಬಿಡುತ್ತದೆ.

ಅಂದಹಾಗೆ, ನಿಮ್ಮೆಲ್ಲ ಡ್ರೈವರ್‌ಗಳನ್ನು ಉಚಿತವಾಗಿ ನವೀಕರಿಸುತ್ತೇವೆ ಎನ್ನುವ ತಂತ್ರಾಂಶಗಳನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಅವು ತರುವ ಕಸ ಡ್ರೈವರಿನ ಸಮಸ್ಯೆಗಿಂತ ದೊಡ್ಡದು.

8. ಲೆಕ್ಕಪತ್ರದವರು ಡಿಎಸ್‌ಸಿ ಟೋಕನ್ ಮೊದಲು ಪರೀಕ್ಷಿಸಿ.
ಡಿಜಿಟಲ್ ಸಹಿಯ ಪೆನ್‌ಡ್ರೈವ್‌ನಂಥ ಆ ಟೋಕನ್ ಅಪ್‌ಡೇಟಿನ ನಂತರ ಕಾಣದೇ ಹೋದರೆ ಅದರ ಡ್ರೈವರನ್ನು ತೆಗೆದು ಮತ್ತೆ ಹಾಕಿ. ಬೆರಳಚ್ಚು ಯಂತ್ರ ಇಟ್ಟುಕೊಂಡ ಮೀ ಸೇವಾ ಕೇಂದ್ರದವರಿಗೂ ಇದೇ ಮಾತು, ಜೊತೆಗೆ ಆ ಯಂತ್ರದ ಆರ್‌ಡಿ ಸರ್ವೀಸ್ ಓಡುತ್ತಿದೆಯೇ ನೋಡಿ. ಟೋಕನ್ ತಪ್ಪು ಪಾಸ್‌ವರ್ಡನ್ನು ಹಲವು ಸಲ ಸಹಿಸುವುದಿಲ್ಲ, ಲಾಕ್ ಆಗಿಬಿಡುತ್ತದೆ. ಹಾಗಾಗಿ ಪದೇ ಪದೇ ಒತ್ತಬೇಡಿ.

9. ವೈಫೈ ಮಾಯವಾದರೆ ಮೊಬೈಲೇ ಮೋಡೆಮ್.
ಡ್ರೈವರ್ ಇಳಿಸಲು ಇಂಟರ್ನೆಟ್ ಬೇಕು, ಇಂಟರ್ನೆಟ್ಟಿಗೆ ಡ್ರೈವರ್ ಬೇಕು. ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ಕೇಬಲಿನಲ್ಲಿ ಕಂಪ್ಯೂಟರಿಗೆ ಜೋಡಿಸಿ, ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಯಾವ ತಂತ್ರಾಂಶವೂ ಬೇಡ. ಲ್ಯಾಪ್‌ಟಾಪ್ ಕಂಪನಿಯ ತಾಣದಿಂದ ನಿಮ್ಮ ಮಾಡೆಲಿನ ವೈಫೈ ಡ್ರೈವರ್ ತನ್ನಿ.

10. ಕನ್ನಡ ಕೆಟ್ಟಿತೆಂದು ಕಡತ ಎಸೆಯಬೇಡಿ.
ಕಾಚಿಗುಡದ ಕನ್ನಡಿಗರಿರಲಿ, ಬೀದರ್–ಕಲಬುರಗಿಯಿಂದ ಬಂದು ಗಚ್ಚಿಬೌಲಿಯಲ್ಲಿ ನೆಲೆಸಿದವರಿರಲಿ, ಹಳೆಯ ಕಂಪ್ಯೂಟರಿನಿಂದ ಹೊಸದಕ್ಕೆ ಬಂದಾಗ ಎದುರಾಗುವ ತೊಂದರೆಗಳು ಮೂರು ಬಗೆ.

ತುಂಗಾ ಅಕ್ಷರದಲ್ಲಿದ್ದ ಪತ್ರ ಬೇರೆ ಅಕ್ಷರದಲ್ಲಿ ಕಂಡು ಸಾಲುಗಳು ಜಾರಿದ್ದರೆ ಕಾರಣ ಸರಳ. ವಿಂಡೋಸ್ 10ರಿಂದ ತುಂಗಾ ತಾನಾಗಿ ಬರುವುದಿಲ್ಲ. ಐಚ್ಛಿಕ ಪಟ್ಟಿಗೆ ಹೋಗಿದೆ. ಸೆಟ್ಟಿಂಗ್ಸ್‌ನಲ್ಲಿ ಆಪ್ಷನಲ್ ಫೀಚರ್ಸ್ ಹುಡುಕಿ, ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಸೇರಿಸಿ. ನಿಮಿಷದ ಕೆಲಸ.

ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಚಿಹ್ನೆಗಳು ಕಾಣುತ್ತಿದ್ದರೆ ಅದು ಯೂನಿಕೋಡ್‌ಗೆ ಮುಂಚಿನ ನುಡಿ ಅಥವಾ ಬರಹ ತಂತ್ರಾಂಶದ ಕಡತ. ಪಠ್ಯ ಹಾಳಾಗಿಲ್ಲ, ಆ ಫಾಂಟ್ ಮಾತ್ರ ಹೊಸ ಯಂತ್ರದಲ್ಲಿಲ್ಲ. ಹಳೆಯ ಫಾಂಟ್ ಹಾಕಿ ತೆರೆಯಿರಿ. ತೆರೆದ ಮೇಲೆ ಪರಿವರ್ತಕದಿಂದ ಯೂನಿಕೋಡ್ ಪ್ರತಿಯನ್ನೂ ಮಾಡಿಟ್ಟುಕೊಳ್ಳಿ. ಪರಿವರ್ತನೆಯಲ್ಲಿ ಅರ್ಕಾವೊತ್ತು ಸ್ಥಳ ತಪ್ಪುವುದುಂಟು, ಒಮ್ಮೆ ಓದಿ ನೋಡಿ.

ಕೀಬೋರ್ಡಿನಲ್ಲಿ ಕನ್ನಡ ಮೂಡದಿದ್ದರೆ ವಿಂಡೋಸ್ ಕೀಲಿಯ ಜೊತೆ ಸ್ಪೇಸ್ ಒತ್ತಿ ಭಾಷೆ ಬದಲಿಸಿ. ಬರೀ ಇನ್‌ಸ್ಕ್ರಿಪ್ಟ್ ಕಂಡರೆ ಭಾಷಾ ಸೆಟ್ಟಿಂಗ್‌ನಲ್ಲಿ ಕನ್ನಡ ಫೊನೆಟಿಕ್ ಸೇರಿಸಿ. 2019ರ ವಿಂಡೋಸ್ 10 ಆವೃತ್ತಿಯಿಂದ ಅದು ಒಳಗೇ ಇದೆ.

11. ಹತ್ತು ದಿನದ ಗಡುವು ಮರೆಯಬೇಡಿ.
ದೊಡ್ಡ ಆವೃತ್ತಿಗೆ ಏರಿದ ಮೇಲೆ ಹಳೆಯ ವಿಂಡೋಸ್ ಸಾಮಾನ್ಯವಾಗಿ 10 ದಿನ ವಿಂಡೋಸ್.ಓಲ್ಡ್ ಎಂಬ ಫೋಲ್ಡರಿನಲ್ಲಿ ಕಾದಿರುತ್ತದೆ. ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ ಗೋ ಬ್ಯಾಕ್ ಒತ್ತಿದರೆ ಹಿಂದಿರುಗಬಹುದು. ಸಿ ಡ್ರೈವ್ ತುಂಬಿತೆಂದು ಡಿಸ್ಕ್ ಕ್ಲೀನಪ್‌ನಲ್ಲಿ 'ಹಿಂದಿನ ವಿಂಡೋಸ್' ಅಳಿಸಿದವರಿಗೆ ಆ ದಾರಿ ಮುಚ್ಚಿತು. ಹೀಗಾಗಿ ಮೊದಲ ವಾರವೇ ನಿಮ್ಮ ಮುಖ್ಯ ಕೆಲಸಗಳನ್ನೆಲ್ಲ ಒಮ್ಮೆ ಮಾಡಿ ನೋಡಿ: ಟ್ಯಾಲಿ, ಪ್ರಿಂಟ್, ಸ್ಕ್ಯಾನ್, ಬ್ಯಾಂಕಿನ ತಾಣ, ವಿಡಿಯೊ ಕಾಲ್. ಹನ್ನೊಂದನೇ ದಿನ ಸ್ಕ್ಯಾನರ್ ನೆನಪಾದರೆ ಕಷ್ಟ. ತಿಂಗಳ ಸಣ್ಣ ಅಪ್‌ಡೇಟಾದರೆ ಅಪ್‌ಡೇಟ್ ಹಿಸ್ಟರಿಯಲ್ಲೇ ಅನ್‌ಇನ್‌ಸ್ಟಾಲ್ ಸಿಗುತ್ತದೆ.

12. 48 ಅಂಕಿಗಳು ಕಾಗದದ ಮೇಲಿರಲಿ.
ಎಲ್ಲ ಸೂತ್ರಗಳಲ್ಲಿ ಒಂದನ್ನೇ ಪಾಲಿಸುತ್ತೇನೆ ಎಂದರೆ ಇದನ್ನು ಪಾಲಿಸಿ. ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಆಗುವ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿಗೆ ತಾನಾಗಿ ಬೀಗ ಬೀಳುತ್ತದೆ. ನಿಮಗೆ ಗೊತ್ತೇ ಆಗಿರುವುದಿಲ್ಲ. ಎಲ್ಲ ಸರಿ ಇರುವಷ್ಟು ದಿನ ಅದು ಸುಮ್ಮನಿರುತ್ತದೆ. ಬಯಾಸ್ ಅಪ್‌ಡೇಟ್ ಆದ ಬೆಳಿಗ್ಗೆಯೋ, ಸೇಫ್ ಮೋಡಿಗೆ ಹೋಗುವಾಗಲೋ ಪರದೆ 48 ಅಂಕಿ ಕೇಳುತ್ತದೆ. ಆ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಲ್ಯಾಪ್‌ಟಾಪ್ ಕೊಂಡ ದಿನ ಅಂಗಡಿಯ ಹುಡುಗ ತನಗೆ ತೋಚಿದ ಇಮೇಲ್ ಹಾಕಿ ಖಾತೆ ತೆರೆದಿದ್ದರೆ ಆ ಕೀ ನಿಮಗೆಂದೂ ಸಿಗದು, ಒಳಗಿರುವ ಫೈಲುಗಳೂ ಸಿಗವು. ಯಾವ ರಿಪೇರಿಯವನಿಂದಲೂ ಅದು ಸಾಧ್ಯವಿಲ್ಲ; ಬಿಟ್‌ಲಾಕರ್ ಇರುವುದೇ ಅದಕ್ಕೆ.

ಇವತ್ತೇ ನಿಮ್ಮ ಖಾತೆ ತೆರೆದು ಡಿವೈಸಸ್ ವಿಭಾಗದಲ್ಲಿ ರಿಕವರಿ ಕೀ ನೋಡಿ. ಪ್ರಿಂಟ್ ತೆಗೆದು ಮನೆಯ ಪತ್ರಗಳ ಜೊತೆ ಇಡಿ. ಅದೇ ಲ್ಯಾಪ್‌ಟಾಪಿನ ಡೆಸ್ಕ್‌ಟಾಪಿನಲ್ಲಿ ಉಳಿಸಿಟ್ಟರೆ ಬೀಗದೊಳಗೆ ಕೀಲಿ ಇಟ್ಟಂತಾಯಿತು.

13. ತಾನಾಗಿ ಬರುವ ಸಹಾಯ ಬೇಡ.
'ನಿಮ್ಮ ವಿಂಡೋಸ್ ಕೆಟ್ಟಿದೆ, ಈ ನಂಬರಿಗೆ ಕರೆ ಮಾಡಿ' ಎಂದು ಪರದೆ ಕೂಗಿಕೊಂಡರೆ ಅದು ಮೋಸ. ಮೈಕ್ರೋಸಾಫ್ಟ್‌ನ ದೋಷ ಸಂದೇಶಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಅಪರಿಚಿತರು ಹೇಳಿದರೆಂದು ಎನಿಡೆಸ್ಕ್‌ನಂಥ ದೂರನಿಯಂತ್ರಣದ ಆ್ಯಪ್ ಹಾಕಬೇಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ.

14. ಸಿಟಿಸಿಗೆ ಹೋಗುವ ಮುನ್ನ ಮಾತು ಸ್ಪಷ್ಟ ಮಾಡಿಕೊಳ್ಳಿ.
ಸಿಕಂದರಾಬಾದ್ ಪಾರ್ಕ್‌ಲೇನ್‌ನ ಚೆನಾಯ್ ಟ್ರೇಡ್ ಸೆಂಟರ್ ಎಂದರೆ ಹೈದರಾಬಾದಿನ ಕಂಪ್ಯೂಟರ್ ಸಂತೆ. ಬಿಡಿಭಾಗ ಬೇಕೇ, ಅಲ್ಲಿಗೆ ಹೋಗಿ. ಒಳ್ಳೆಯ ಕೈಗಳೂ ಅಲ್ಲಿವೆ. ಆದರೆ ತೊಂದರೆ ಏನೆಂದು ಪೂರ್ತಿ ಕೇಳುವ ಮೊದಲೇ 'ಫಾರ್ಮ್ಯಾಟ್ ಕೊಟ್ಟಾಲಿ ಸಾರ್' (ಫಾರ್ಮ್ಯಾಟ್ ಹೊಡೆಯಬೇಕು ಸಾರ್) ಎನ್ನುವ ಅಂಗಡಿಯಿಂದ ಎದ್ದು ಬನ್ನಿ. ಫಾರ್ಮ್ಯಾಟ್ ಅವರಿಗೆ ಸುಲಭ, ನಿಮ್ಮ ಹತ್ತು ವರ್ಷದ ಫೈಲುಗಳಿಗೆ ಕೊನೆ. ಬರೆದು ತಂದ ಕೆಬಿ ಸಂಖ್ಯೆ, ದೋಷದ ಫೋಟೊ ತೋರಿಸಿ. ಅದನ್ನು ನೋಡಿದ ಕೂಡಲೇ ಒಳ್ಳೆಯ ಮೆಕ್ಯಾನಿಕ್ ಸರಿಯಾದ ಪ್ರಶ್ನೆ ಕೇಳುತ್ತಾನೆ. ಡೇಟಾ ಮುಟ್ಟಬಾರದೆಂದು ರಸೀದಿಯಲ್ಲೇ ಬರೆಸಿಕೊಳ್ಳಿ. ಸಾಧ್ಯವಾದರೆ ಪಕ್ಕದಲ್ಲೇ ಕೂತು ಮಾಡಿಸಿಕೊಳ್ಳಿ.

ಹೋಗುವ ಮೊದಲು ಮನೆಯಲ್ಲೇ ಮಾಡಬಹುದಾದ ಒಂದು ಕೆಲಸ: ಕಮಾಂಡ್ ಪ್ರಾಂಪ್ಟನ್ನು ಅಡ್ಮಿನ್ ಆಗಿ ತೆರೆದು ಎಸ್‌ಎಫ್‌ಸಿ, ಒಂದು ಸ್ಪೇಸ್, ಓರೆಗೆರೆ, ಸ್ಕ್ಯಾನ್‌ನೌ ಎಂದು ಇಂಗ್ಲಿಷಿನಲ್ಲಿ ಟೈಪಿಸಿ. ಕೆಟ್ಟ ವ್ಯವಸ್ಥಾ ಫೈಲುಗಳನ್ನು ಅದು ಹುಡುಕಿ ರಿಪೇರಿಗೆ ಯತ್ನಿಸುತ್ತದೆ. ನಿಮ್ಮ ಫೈಲುಗಳ ತಂಟೆಗೆ ಹೋಗುವುದಿಲ್ಲ.

15. ದಿನ ನೀವು ಆರಿಸಿ, ವಿಂಡೋಸ್ ಆರಿಸುವುದು ಬೇಡ.
ಮೈಕ್ರೋಸಾಫ್ಟ್ ಭದ್ರತಾ ಅಪ್‌ಡೇಟ್ ಬಿಡುವುದು ಪ್ರತಿ ತಿಂಗಳ ಎರಡನೇ ಮಂಗಳವಾರ, ನಮಗೆ ಆಗ ತಡರಾತ್ರಿ. ಬುಧವಾರ ಬೆಳಿಗ್ಗೆ ನಿಮ್ಮ ಮೇಜಿನ ಮೇಲಿರುತ್ತದೆ. ಜಿಎಸ್‌ಟಿ ತುಂಬುವವರಿಗೆ 11 ಮತ್ತು 20 ಹೇಗೂ ತಲೆನೋವಿನ ದಿನಗಳು, ಅವುಗಳ ಜೊತೆ ಇದನ್ನೂ ಸೇರಿಸಬೇಡಿ. ಪಾಝ್ ಅಪ್‌ಡೇಟ್ಸ್ ಒತ್ತಿ ಒಂದು ವಾರ ಮುಂದೂಡಿ, ಉಳಿದವರ ಅನುಭವ ನೋಡಿ, ಶನಿವಾರ ಸಂಜೆ ಹಾಕಿ. ದೊಡ್ಡ ಆವೃತ್ತಿಯಾದರೆ ಒಂದೆರಡು ತಿಂಗಳು ಕಾದರೂ ನಷ್ಟವಿಲ್ಲ. ಭದ್ರತಾ ಅಪ್‌ಡೇಟನ್ನು ಮಾತ್ರ ಹಾಗೆ ತಿಂಗಳುಗಟ್ಟಲೆ ತಳ್ಳಬೇಡಿ.

ವಿಂಡೋಸ್ 10 ಬಳಸುವವರಿಗೆ ಕಾಯುವ ಅವಕಾಶವೂ ಕಡಿಮೆ. ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಾಗ, ಹೆಸರು ನೋಂದಾಯಿಸಿದ ಮನೆಬಳಕೆದಾರರಿಗೆ ಭದ್ರತಾ ಅಪ್‌ಡೇಟ್ ಕೊಡುವುದಾಗಿ ಮೈಕ್ರೋಸಾಫ್ಟ್ ಹೇಳಿದ್ದು 2026ರ ಅಕ್ಟೋಬರ್ 13ರವರೆಗೆ. ಟಿಪಿಎಂ 2.0 ಭದ್ರತಾ ಚಿಪ್ ಇಲ್ಲದ ಹಳೆಯ ಯಂತ್ರಕ್ಕೆ ಅಡ್ಡದಾರಿಯಲ್ಲಿ ವಿಂಡೋಸ್ 11 ತುರುಕುವವರಿದ್ದಾರೆ. ಹಾಗೆ ಹಾಕಿದ ಯಂತ್ರಕ್ಕೆ ಮುಂದೆ ಅಪ್‌ಡೇಟ್ ಸಿಗುವ ಖಾತರಿಯಿಲ್ಲ ಎಂದು ಕಂಪನಿಯೇ ಹೇಳಿದೆ. ಬ್ಯಾಂಕ್ ವ್ಯವಹಾರ ಮಾಡುವ ಕಂಪ್ಯೂಟರಿಗೆ ಅದು ಬೇಡ.

16. ದೂರು ಕೊಡಿ.
ಮೈಕ್ರೋಸಾಫ್ಟ್‌ನ ಭಾರತದ ಅಭಿವೃದ್ಧಿ ಕೇಂದ್ರ ಹೈದರಾಬಾದಿನಲ್ಲಿ 1998ರಿಂದ ಇದೆ, ಈಗಿರುವುದು ಗಚ್ಚಿಬೌಲಿಯಲ್ಲಿ. ಕಂಪನಿಯ ಮುಖ್ಯಸ್ಥ ಸತ್ಯ ನಾದೆಲ್ಲಾ ಬೇಗಂಪೇಟೆಯ ಹೈದರಾಬಾದ್ ಪಬ್ಲಿಕ್ ಸ್ಕೂಲಿನಲ್ಲಿ ಓದಿ, ನಮ್ಮ ಮಣಿಪಾಲದಲ್ಲಿ ಇಂಜಿನಿಯರಿಂಗ್ ಮುಗಿಸಿದವರು. ಇಷ್ಟು ನೆಂಟಸ್ತಿಕೆ ಇದ್ದರೂ ನಿಮ್ಮ ಒತ್ತಕ್ಷರ ಒಡೆದದ್ದು ಅವರಿಗೆ ತಾನಾಗಿ ತಿಳಿಯುವುದಿಲ್ಲ. ವಿಂಡೋಸ್ ಕೀಲಿಯ ಜೊತೆ ಎಫ್ ಒತ್ತಿದರೆ ಫೀಡ್‌ಬ್ಯಾಕ್ ಹಬ್ ತೆರೆಯುತ್ತದೆ. ಯಾವ ಆವೃತ್ತಿ, ಯಾವ ಕೆಬಿ, ಏನು ಮಾಡಿದಾಗ ಏನಾಯಿತು, ಇಷ್ಟನ್ನು ನಾಲ್ಕು ಸಾಲಿನಲ್ಲಿ ಬರೆದು ಸ್ಕ್ರೀನ್‌ಶಾಟ್ ಲಗತ್ತಿಸಿ. ಕನ್ನಡದ ಫಾಂಟ್, ಕೀಬೋರ್ಡ್, ಅಕ್ಷರ ಜೋಡಣೆಯ ತೊಂದರೆ ಕಂಡವರು ದಯವಿಟ್ಟು ಸುಮ್ಮನಿರಬೇಡಿ. ಅದನ್ನೂ ಇದೇ ದಾರಿಯಲ್ಲಿ ಕಳುಹಿಸಿ.